ಹೆರಾಲ್ಡ್ ಗುಜರಿಗೆ ಹೋಗುವ ಮೊದಲು

ಕೊವೆಂಟ್ರಿ, ಭಾನುವಾರ

ತೀರ್ಥರೂಪ ಅಪ್ಪಯ್ಯನಿಗೆ ಮಗಳ ಸಾಷ್ಟಾಂಗ ನಮಸ್ಕಾರ.

ನಾನಿಲ್ಲಿ ಕ್ಷೇಮ. ಆಯಿಯ ಮಂಡಿನೋವು ಕಮ್ಮಿಯಾಗಿದೆ ಅಂತ ತಮ್ಮ ಹೇಳಿದ, ಸಮಾಧಾನವಾಯಿತು. ಅವನೇ ಹೇಳಿದ ಇನ್ನೊಂದು ಸುದ್ದಿ ಕೇಳಿ ಮಾತ್ರ ನಿದ್ದೆ ಬರಲಿಲ್ಲ. ಅಡಿಕೆ ಕೊಯ್ಲು ಶುರುವಾಗುವ ಮೊದಲು ನಮ್ಮ ಹಳೆಯ ಹೆರಾಲ್ಡ್ ಕಾರನ್ನು ಗುಜರಿಗೆ ಕೊಟ್ಟು ಕೊಟ್ಟಿಗೆಯಲ್ಲಿ ಜಾಗ ಮಾಡುತ್ತೀಯಂತೆ. ಫೋನಿನಲ್ಲಿ ಹೇಳಿದರೆ ನೀನು "ನೋಡ್ವ" ಅಂದು ಆಯಿಯ ಕೈಗೆ ಕೊಟ್ಟುಬಿಡುತ್ತೀ. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು, ತಮ್ಮನಿಗೂ ಓದಿಸು.

ಕ್ಲಚ್ ಹೋಗಿದೆ, ಎಂಜಿನ್ ಇಳಿಸಬೇಕು, ಅದಕ್ಕೆ ಗಾಡಿಯನ್ನು ಸಿರ್ಸಿಯವರೆಗೆ ಎಳೆದು ತರಬೇಕು ಅಂದರಂತೆ ಗ್ಯಾರೇಜಿನವರು. ಖರ್ಚು ಕೇಳಿಯೇ ನೀನು ಗುಜರಿಯ ಮಾತೆತ್ತಿದ್ದು ಅಂತ ನನಗೆ ಗೊತ್ತು. ಅಪ್ಪಯ್ಯ, ಎಂಜಿನ್ ಮುಟ್ಟುವುದೇ ಬೇಡ. ಆ ಗಾಡಿಯ ಗೇರ್‌ಬಾಕ್ಸ್ ಒಳಗಿನಿಂದ ಹೊರಗೆ ಬರುತ್ತದೆ, ನಾವು ಕಾಲು ಚಾಚಿ ಕೂರುತ್ತಿದ್ದ ಜಾಗದಿಂದಲೇ. ಗಾಡಿಯ ಕೆಳಗಿಳಿಯುವ ಗುಂಡಿ ಬೇಡ, ಸರಪಳಿ ರಾಟೆ ಬೇಡ. ನಮ್ಮ ಕೊಟ್ಟಿಗೆಯಲ್ಲೇ ಆಗುತ್ತದೆ.

ಇದು ಕೇಳಿದ ಮಾತಲ್ಲ. ಪಕ್ಕದ ಮನೆಯ ಅಜ್ಜನ ಸ್ಪಿಟ್‌ಫೈರ್ ಕಾರಿನ ಕ್ಲಚ್ಚನ್ನು ನಾನೂ ಅವರೂ ಸೇರಿ ಈಗಷ್ಟೇ ಬದಲಿಸಿದ್ದೇವೆ. ಅವರು ಇಲ್ಲಿಯ ಕ್ಯಾನ್ಲಿಯ ಟ್ರಯಂಫ್ ಕಾರಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಟ್ರಯಂಫ್ ಹೆರಾಲ್ಡ್ 1959ರಲ್ಲಿ ಬಂತು, ಅದರದೇ ಚಾಸಿಯನ್ನು ಗಿಡ್ಡ ಮಾಡಿ 1962ರಲ್ಲಿ ಎರಡು ಸೀಟಿನ ಸ್ಪಿಟ್‌ಫೈರ್ ಮಾಡಿದರು. ಎರಡರ ಮೈಕಟ್ಟನ್ನೂ ಬರೆದವನು ಇಟಲಿಯ ಮಿಕೆಲೊಟ್ಟಿ. ನಮ್ಮದು 1961ರಿಂದ ಮದರಾಸಿನಲ್ಲಿ ಸ್ಟ್ಯಾಂಡರ್ಡ್ ಹೆಸರಿನಲ್ಲಿ ತಯಾರಾದದ್ದು, 948 ಸಿ.ಸಿ.ಯದು. ಇವರದು ಮಾರ್ಕ್ 3, 1296 ಸಿ.ಸಿ. ಆದರೂ ಮುಂದಿನ ಬಾನೆಟ್ಟು ರೆಕ್ಕೆಸಮೇತ ಇಡಿಯಾಗಿ ಮುಂದಕ್ಕೆ ಮಗುಚಿಕೊಂಡಾಗ ನನಗೆ ನಮ್ಮ ಅಂಗಳದಲ್ಲೇ ನಿಂತಿದ್ದೇನೆ ಅನ್ನಿಸಿತು. ಮೊದಲನೇ ಗೇರಿಗೆ ಹಲ್ಲುಗಳ ವೇಗ ಹೊಂದಿಸುವ ಸಿಂಕ್ರೊ ಇಲ್ಲ, ಗಾಡಿ ಪೂರ್ತಿ ನಿಂತ ಮೇಲೇ ಹಾಕಬೇಕು ಅನ್ನುವುದೂ ಅದೇ. ಅಜ್ಜನ ಬೆರಳು ಈಗ ಗಂಟುಕಟ್ಟಿವೆ, ಭಾರ ಎತ್ತಲಾರರು. ಕೈ ನನ್ನದು, ಹೇಳಿಕೊಟ್ಟದ್ದು ಅವರು.

ಕೆಲಸ ಹೇಗೆ ಅಂದರೆ, ಮೊದಲು ಬ್ಯಾಟರಿ ತಂತಿ ತೆಗೆಯಬೇಕು. ಆಮೇಲೆ ಮುಂದಿನ ಎರಡೂ ಸೀಟು, ಕೆಳಗಿನ ಹಾಸು, ಡ್ಯಾಶ್‌ಬೋರ್ಡಿಗೆ ಕೊಟ್ಟ ಆಧಾರದ ಪಟ್ಟಿ. ಆಗ ಗೇರ್‌ಬಾಕ್ಸಿನ ಮೇಲಿನ ಮುಚ್ಚಳ ಕಾಣುತ್ತದೆ. ಅದರ ಸ್ಕ್ರೂ ಬಿಚ್ಚಿ ಎತ್ತಿದರೆ ಇಡೀ ಗೇರ್‌ಬಾಕ್ಸ್ ಕಣ್ಣೆದುರು. ಎಣ್ಣೆ ಇಳಿಸಿ, ಹಿಂದಿನ ಚಕ್ರದ ಕಡೆ ಹೋಗುವ ಶಾಫ್ಟಿನ ನಾಲ್ಕು ಬೋಲ್ಟು, ಸ್ಪೀಡೋಮೀಟರಿನ ಕೇಬಲ್ಲು, ಸ್ಟಾರ್ಟರ್ ಮೋಟಾರು, ಕ್ಲಚ್ಚಿನ ಕೆಳಗಿನ ಸಿಲಿಂಡರು ಇಷ್ಟನ್ನು ಬಿಡಿಸಬೇಕು. ಒಂದು ಮಾತು ತಮ್ಮನಿಗೆ ಒತ್ತಿ ಹೇಳು: ಗೇರ್‌ಬಾಕ್ಸನ್ನು ಎಂಜಿನ್ನಿಗೆ ಜೋಡಿಸುವ ಬೆಲ್ ಹೌಸಿಂಗಿನ ಬೋಲ್ಟಿಗೆ ಕೈ ಹಾಕುವ ಮೊದಲು ಎಂಜಿನ್ ತಳಕ್ಕೆ ದಪ್ಪ ಮರದ ತುಂಡಿಟ್ಟು ಜಾಕು ಕೊಡಬೇಕು. ಹಿಂದಿನ ಆಧಾರ ತಪ್ಪಿದರೆ ಎಂಜಿನ್ ಹಿಂದಕ್ಕೆ ವಾಲುತ್ತದೆ. ಮತ್ತೆ, ಅದರ ನಟ್ಟು ಬೋಲ್ಟು ಎಲ್ಲ ಇಂಚಿನ ಲೆಕ್ಕದವು. 7/16, 1/2, 9/16ರ ಪಾನಾ ಬೇಕು. ಮಿಲಿಮೀಟರಿನದು ಹಾಕಿದರೆ ಮೂಲೆ ತಿರುಚಿಹೋಗುತ್ತದೆ.

ಗೇರ್‌ಬಾಕ್ಸ್ ಹಿಂದೆ ಸರಿದಾಗ ಕ್ಲಚ್ ಹೊರಬಿತ್ತು. ಪ್ಲೇಟು ಸವೆದು ರಿವೆಟ್ಟು ಮೇಲೆದ್ದಿತ್ತು. ಆ ಧೂಳನ್ನು ಮಾತ್ರ ಗಾಳಿ ಹೊಡೆದು ಹಾರಿಸಬೇಡಿ. ಆ ಕಾಲದ ಪ್ಲೇಟಿನಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿ ಬಟ್ಟೆಯನ್ನೂ ಎಸೆಯಬೇಕು. ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟಿನ ಬೋಲ್ಟನ್ನು ಎದುರುಬದುರು ಸ್ವಲ್ಪಸ್ವಲ್ಪವೇ ಸಡಿಲಿಸಬೇಕು, ಒಂದೇ ಕಡೆ ಬಿಚ್ಚಿದರೆ ಅದು ಸೊಟ್ಟಗಾಗುತ್ತದೆ. ಪ್ಲೇಟು, ಪ್ರೆಶರ್ ಪ್ಲೇಟು, ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗು ಮೂರನ್ನೂ ಒಟ್ಟಿಗೆ ಹೊಸದು ಹಾಕಬೇಕು ಅಂತ ಅಜ್ಜ ಹಟ ಹಿಡಿದರು. ಬೇರಿಂಗ್ ಇನ್ನೂ ನಡೆಯುತ್ತದೆ ಅಂತ ಉಳಿಸಿದರೆ ಅದೊಂದಕ್ಕಾಗಿ ಮತ್ತೆ ಇಷ್ಟನ್ನೂ ಬಿಚ್ಚಬೇಕಲ್ಲ. ಬೇರಿಂಗನ್ನು ನೂಕುವ ಫೋರ್ಕಿನ ಪಿನ್ನೂ ಸವೆದಿತ್ತು, ಅದನ್ನೂ ಬದಲಿಸಿದೆವು. ಎಂಜಿನ್ನಿನ ತಿರುಗುವ ದಂಡ, ಅಂದರೆ ಕ್ರ್ಯಾಂಕಿನ ತುದಿಯಲ್ಲೊಂದು ಸಣ್ಣ ಕಂಚಿನ ಬುಶ್ ಇದೆ. ಅದನ್ನು ಇಡೀ ರಾತ್ರಿ ಎಣ್ಣೆಯಲ್ಲಿ ನೆನೆಹಾಕಿ ಕೂರಿಸಿದೆವು.

ಕಷ್ಟವಿರುವುದು ವಾಪಸು ಕೂರಿಸುವುದರಲ್ಲಿ. ಹೊಸ ಪ್ಲೇಟು ಸರಿಯಾಗಿ ನಡುಮಧ್ಯಕ್ಕೆ ನಿಲ್ಲಬೇಕು. ಇಲ್ಲದಿದ್ದರೆ ಗೇರ್‌ಬಾಕ್ಸಿನ ಶಾಫ್ಟು ಒಳಗೇ ಹೋಗುವುದಿಲ್ಲ. ಅದಕ್ಕೊಂದು ಪ್ಲಾಸ್ಟಿಕ್ ಗೂಟ ಸಿಗುತ್ತದೆ. ಊರಿನಲ್ಲಾದರೆ ಸುತಾರರ ಹತ್ತಿರ ಅಳತೆಗೆ ಸರಿಯಾಗಿ ಒಂದು ಮರದ ಗೂಟ ಕಡೆಸಿಕೊಂಡರೂ ಸಾಕು. ಪ್ಲೇಟಿನ ಸ್ಪ್ರಿಂಗ್ ಉಬ್ಬಿದ ಬದಿ ಗೇರ್‌ಬಾಕ್ಸಿನ ಕಡೆಗೆ ಇರಬೇಕು. ನಾನು ಗೇರ್‌ಬಾಕ್ಸನ್ನು ತೊಡೆಯ ಮೇಲಿಟ್ಟುಕೊಂಡು ಮುಂದಕ್ಕೆ ಒತ್ತಿದೆ, ಕೊನೆಯ ಒಂದಿಂಚು ಬಾಕಿ ಇರುವಾಗ ಅದು ಅಲುಗದೆ ನಿಂತುಬಿಟ್ಟಿತು. ಬೋಲ್ಟು ಹಾಕಿ ಎಳೆಯೋಣವೇ ಅಂತ ಕೇಳಿದೆ. ಅಜ್ಜ ಪಾನಾವನ್ನು ನನ್ನ ಕೈಯಿಂದ ತೆಗೆದು ದೂರ ಇಟ್ಟರು. ಬೋಲ್ಟಿನಿಂದ ಎಳೆದರೆ ಬೆಲ್ ಹೌಸಿಂಗಿನ ಕಿವಿ ಒಡೆಯುತ್ತದೆ, ಗೇರ್‌ಬಾಕ್ಸಿನ ಭಾರ ಪ್ಲೇಟಿನ ಮೇಲೆ ಜೋತುಬಿದ್ದರೆ ಪ್ಲೇಟು ಬಾಗುತ್ತದೆ ಅಂದರು. ಟಾಪ್ ಗೇರಿಗೆ ಹಾಕಿ ಗೇರ್‌ಬಾಕ್ಸಿನ ಹಿಂದಿನ ಫ್ಲಾಂಜನ್ನು, ಅಂದರೆ ಶಾಫ್ಟು ಕೂರುವ ಬಿಲ್ಲೆಯನ್ನು, ಕೈಯಲ್ಲಿ ಚೂರೇ ಚೂರು ತಿರುಗಿಸಿದರು. ಶಾಫ್ಟಿನ ಹಲ್ಲು ಪ್ಲೇಟಿನ ಹಲ್ಲಿನ ಸಂದಿಗೆ ಸಿಕ್ಕಿತು, ಅಷ್ಟು ಹೊತ್ತು ಹಟ ಮಾಡಿದ್ದು ಸರಕ್ಕನೆ ಒಳಗೆ ಹೋಗಿ ಕೂತಿತು. ಅಪ್ಪಯ್ಯ, ಆ ಹೊತ್ತಿನ ಖುಷಿ ನಿನಗೂ ಸಿಗಬೇಕು ಅಂತ ನನ್ನಾಸೆ.

ಇನ್ನೊಂದನ್ನು ಬರೆಯಲೇಬೇಕು. ಕುಮಟೆಯಿಂದ ದೇವಿಮನೆ ಘಾಟಿ ಹತ್ತುವಾಗ ಲಾರಿಯ ಹಿಂದೆ ನಿಂತರೆ ನೀನು ಗೇರ್ ತೆಗೆದು ಹ್ಯಾಂಡ್‌ಬ್ರೇಕ್ ಹಾಕುತ್ತಿದ್ದೆ. ಕ್ಲಚ್ ಒತ್ತಿಕೊಂಡು ಕಾಯಲು ನನಗೂ ಬಿಡುತ್ತಿರಲಿಲ್ಲ. ಪ್ಲೇಟು ಸವೆಯುತ್ತದೆ ಅಂತ ಆಗ ತಿಳಿದಿದ್ದೆ. ಈ ಎಂಜಿನ್ನಿನಲ್ಲಿ ಅದಕ್ಕಿಂತ ದೊಡ್ಡ ಕಾರಣವಿದೆ. ಕ್ಲಚ್ ಒತ್ತಿದಾಗ ಆ ಒತ್ತಡವೆಲ್ಲ ಕ್ರ್ಯಾಂಕ್‌ಶಾಫ್ಟನ್ನು ಮುಂದಕ್ಕೆ ನೂಕುತ್ತದೆ. ಅದನ್ನು ತಡೆಯುವುದು ಅರ್ಧಚಂದ್ರದ ಆಕಾರದ ಎರಡು ಥ್ರಸ್ಟ್ ವಾಷರು. ಅವು ಸವೆದು ಕೆಳಗೆ ಬಿದ್ದರೆ ಕ್ರ್ಯಾಂಕು ಬ್ಲಾಕನ್ನೇ ಉಜ್ಜಿ ಎಂಜಿನ್ ಹಾಳಾಗುತ್ತದೆ. ನೀನು ಹಾಗೆ ಓಡಿಸಿದ್ದರಿಂದ ನಮ್ಮದು ಉಳಿದಿರುತ್ತದೆ ಅಂತ ನನ್ನ ನಂಬಿಕೆ. ಆದರೂ ಮುಂದಿನ ಪುಲ್ಲಿಯನ್ನು ಮೀಟಿ ಹಿಂದೆಮುಂದೆ ಅಲ್ಲಾಡಿಸಿ ನೋಡಿ. ಕಣ್ಣಿಗೆ ಕಾಣುವಷ್ಟು ಆಡಿದರೆ ವಾಷರು ಬದಲಿಸಬೇಕು. ಅದಕ್ಕೂ ಎಂಜಿನ್ ಇಳಿಸಬೇಕಿಲ್ಲ, ಕೆಳಗಿನ ಎಣ್ಣೆ ತೊಟ್ಟಿ, ಅಂದರೆ ಸಂಪ್ ಬಿಚ್ಚಿದರಾಯಿತು.

ನಮ್ಮ ಗಾಡಿಯ ಕ್ಲಚ್ ಸವೆದೇ ಇರಲಿಕ್ಕಿಲ್ಲ ಅಂತಲೂ ನನಗೆ ಅನ್ನಿಸುತ್ತದೆ. ನಮ್ಮ ಮಳೆಗಾಲದ ಥಂಡಿಯಲ್ಲಿ ವರ್ಷಗಟ್ಟಲೆ ನಿಂತರೆ ತುಕ್ಕು ಹಿಡಿದು ಪ್ಲೇಟು ಎಂಜಿನ್ನಿನ ಫ್ಲೈವೀಲ್ ಚಕ್ರಕ್ಕೆ ಅಂಟಿಕೊಳ್ಳುತ್ತದೆ. ಪೆಡಲ್ಲು ಸತ್ತಂತೆ ಕೆಳಗೆ ಬೀಳುತ್ತದೆ ಅಂದನಲ್ಲ ತಮ್ಮ, ಅದು ಕ್ಲಚ್ ಸಿಲಿಂಡರಿನ ಒಳಗಿನ ರಬ್ಬರು ಒಣಗಿದ್ದಕ್ಕೆ ಇರಬೇಕು. ಮೊದಲು ಆ ರಬ್ಬರು ಬದಲಿಸಿ, ಡಾಟ್ 4 ಬ್ರೇಕ್ ಎಣ್ಣೆ ತುಂಬಿ, ಗಾಳಿ ತೆಗೆಯಿರಿ. ಪೆಡಲ್ಲು ಗಟ್ಟಿಯಾದರೆ ಅದನ್ನು ಪೂರ್ತಿ ಒತ್ತಿ, ಸೀಟಿಗೂ ಅದಕ್ಕೂ ನಡುವೆ ಅಡಿಕೆ ದಬ್ಬೆಯ ಊರುಗೋಲು ಕೊಟ್ಟು ನಾಲ್ಕು ದಿನ ಹಾಗೇ ಬಿಡಿ. ಆಮೇಲೆ ಟಾಪ್ ಗೇರಿನಲ್ಲಿ ಹಿಂದೆಮುಂದೆ ನೂಕಿ. ಎಷ್ಟೋ ಸಲ ಅಷ್ಟಕ್ಕೇ ಬಿಡಿಸಿಕೊಳ್ಳುತ್ತದೆ.

ಬಿಡದಿದ್ದರೆ ಗೇರ್‌ಬಾಕ್ಸ್ ತೆಗೆಯುವ. ಸಾಮಾನು ನಾನು ಇಲ್ಲಿಂದ ತರುತ್ತೇನೆ, ಈ ಗಾಡಿಗಳ ಬಿಡಿಭಾಗ ಇಲ್ಲಿ ಇವತ್ತಿಗೂ ಸಿಗುತ್ತವೆ. ಆದರೆ ಸ್ಪಿಟ್‌ಫೈರಿನದೇ ನಮ್ಮದಕ್ಕೆ ಆಗುತ್ತದೆ ಅಂತ ತಿಳಿಯಬೇಡಿ. ಹಳೆಯ ಪ್ಲೇಟಿನ ಅಡ್ಡಳತೆ, ನಡುವಿನ ಹಲ್ಲಿನ ಲೆಕ್ಕ ಎರಡನ್ನೂ ನೋಡಿಯೇ ತರಿಸಬೇಕು. ಗೇರ್ ಎಣ್ಣೆಯನ್ನು ಮಾತ್ರ ಊರಲ್ಲೇ ತೆಗೆದುಕೊಳ್ಳಿ, ಇ.ಪಿ. 90, ಜಿ.ಎಲ್. 4 ಅಂತ ಕೇಳಿ. ಜಿ.ಎಲ್. 5 ಬೇಡ, ಅದು ಒಳಗಿನ ಹಿತ್ತಾಳೆ ಬಳೆಗಳಿಗೆ ಆಗದು.

ಎಂಜಿನ್ ನಂಬರು, ಚಾಸಿ ನಂಬರು ಎರಡರ ಫೋಟೋವನ್ನು ತಮ್ಮ ನಾಳೆಯೇ ಕಳಿಸಲಿ. ಗುಜರಿಯವನಿಂದ ಮುಂಗಡ ಇಸಕೊಂಡಿದ್ದರೆ ದಯವಿಟ್ಟು ತಿರುಗಿ ಕೊಟ್ಟುಬಿಡು. ಅಡಿಕೆಗೆ ಜಾಗ ಸಾಲದಿದ್ದರೆ ಅಂಗಳದ ಬದಿಗೆ ತಗಡಿನ ಮಾಡು ಹಾಕಿಸು, ಅದರ ಹಣ ನಾನು ಕಳಿಸುತ್ತೇನೆ. ಏಪ್ರಿಲ್‌ನಲ್ಲಿ ರಜೆಗೆ ಬರುತ್ತೇನೆ, ಇಂಚಿನ ಪಾನಾ ಸೆಟ್ಟೂ ತರುತ್ತೇನೆ.

ಆಯಿಗೆ ನಮಸ್ಕಾರ ತಿಳಿಸು.

ಇತಿ,
ನಿನ್ನ ಮಗಳು