ವೇಲ್ಸ್‌ನಲ್ಲೊಂದು ಶ್ರೀರಂಗಪಟ್ಟಣದ ಡೇರೆ

ಈ ಸಂಚಿಕೆ ಹತ್ತು ದಿನ ತಡವಾಯಿತು, ಬೈದುಕೊಳ್ಳಿ. ಶಾಲೆಗೆ ರಜೆ, ಮಂಡ್ಯದಿಂದ ಅಮ್ಮ ಬೇರೆ ಬಂದಿದ್ದಾರೆ, ಅವರಿಗೆ ಬಕಿಂಗ್‌ಹ್ಯಾಮ್ ಅರಮನೆಯ ಗೇಟು ತೋರಿಸಿ ಕೈತೊಳೆದುಕೊಳ್ಳುವುದಾ ಅಂತ ಮೂರು ದಿನಕ್ಕೆ ಪುಳಿಯೋಗರೆ ಗೊಜ್ಜು ಕಟ್ಟಿಕೊಂಡು ಐವರೂ ಕಾರು ಹತ್ತಿಬಿಟ್ಟೆವು. "ಮ್ಯೂಸಿಯಂ ಬೇಡ" ಅಂತ ಮಕ್ಕಳು ಮೊದಲೇ ಹೇಳಿದ್ದರು. ನೋಡಿದ್ದೆಲ್ಲ ಮ್ಯೂಸಿಯಮ್ಮೇ.

ರೆಡಿಂಗ್‌ನಿಂದ ನೇರ ಐರನ್‌ಬ್ರಿಡ್ಜ್. ಪ್ರಪಂಚದ ಮೊದಲ ದೊಡ್ಡ ಎರಕದ ಕಬ್ಬಿಣದ ಸೇತುವೆ, 1779ರದು. ಹತ್ತಿರದಲ್ಲೇ ಬ್ಲಿಸ್ಟ್ಸ್ ಹಿಲ್‌ನಲ್ಲಿ ವಿಕ್ಟೋರಿಯಾ ರಾಣಿ ಕಾಲದ ಒಂದು ಊರನ್ನೇ ಕಟ್ಟಿಟ್ಟಿದ್ದಾರೆ. ಅಲ್ಲಿನ ಬ್ಯಾಂಕಿನಲ್ಲಿ ನಮ್ಮ ದುಡ್ಡು ಕೊಟ್ಟರೆ ಹಳೇ ಕಾಲದ ನಾಣ್ಯ ಕೊಡುತ್ತಾರೆ, ಮಗ ಅದರಲ್ಲಿ ಮಿಠಾಯಿ ಕೊಂಡು ತಿಂದ, ಅವನ ಪ್ರವಾಸ ಅಲ್ಲಿಗೆ ಸಾರ್ಥಕವಾಯಿತು. ನನಗೆ ಆ ಸೇತುವೆ ಮೇಲೆ ನಿಂತಾಗ ನಮ್ಮೂರು ನೆನಪಾಯಿತು. ಇವರು ಇಲ್ಲಿ ಕಬ್ಬಿಣ ಎರಕ ಹೊಯ್ಯುತ್ತಿದ್ದ ಹೊತ್ತಿಗೆ ಅಲ್ಲಿ ಹೈದರಾಲಿಯ ಜನ ಕಬ್ಬಿಣದ ಕೊಳವೆಗೆ ಮದ್ದು ತುಂಬಿ ಹಾರಿಸುತ್ತಿದ್ದರು. ಕಾಗದದ ಕೊಳವೆ ಒಡೆದುಹೋಗುತ್ತೆ, ಕಬ್ಬಿಣದ್ದು ಒತ್ತಡ ತಡೆದುಕೊಂಡು ಜಾಸ್ತಿ ದೂರ ಹೋಗುತ್ತೆ, ಅಷ್ಟೇ ಗುಟ್ಟು. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದ ಹಾಳುಬಾವಿಯಲ್ಲಿ ಸಾವಿರ ರಾಕೆಟ್ ಸಿಕ್ಕವಲ್ಲ, ಅಂಥವೇ. ಯುದ್ಧದಲ್ಲಿ ಕೈಗೆ ಸಿಕ್ಕ ಮೈಸೂರು ರಾಕೆಟ್‌ಗಳ ಜಾಡು ಹಿಡಿದೇ ವಿಲಿಯಂ ಕಾಂಗ್ರೀವ್ ಲಂಡನ್ನಿನ ವೂಲಿಚ್‌ನಲ್ಲಿ ತನ್ನ ರಾಕೆಟ್ ಮಾಡಿದ್ದು. ಇದನ್ನೆಲ್ಲ ಮಗಳಿಗೆ ಹೇಳಿದೆ. ಅವಳ ಕಿವಿಯಲ್ಲಿ ಇಯರ್‌ಫೋನ್ ಇತ್ತು ಅಂತ ಆಮೇಲೆ ಗೊತ್ತಾಯಿತು.

ಮಾರನೇ ದಿನ ಗಡಿ ದಾಟಿ ವೇಲ್ಸ್‌ನ ವೆಲ್ಶ್‌ಪೂಲ್, ಅಲ್ಲಿ ಪೋವಿಸ್ ಕೋಟೆ. ಹಳೇ ಕೋಟೆ, ಮನೆ, ತೋಟಗಳನ್ನು ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್‌ನ ಸದಸ್ಯರಿಗೆ ಬಿಟ್ಟಿ, ಉಳಿದವರು ಟಿಕೆಟ್ ತಗೋಬೇಕು. ಕೆಂಪು ಕಲ್ಲಿನ ಕೋಟೆ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ತೋಟ, ಎಲ್ಲ ಚಂದ. ಆದರೆ ನಾವು ಹೋಗಿದ್ದು ಒಳಗಿರುವ ಕ್ಲೈವ್ ಮ್ಯೂಸಿಯಂಗೆ. ಪ್ಲಾಸಿ ಕದನದ ರಾಬರ್ಟ್ ಕ್ಲೈವ್‌ನ ಮಗ ಎಡ್ವರ್ಡ್, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಮದರಾಸಿನ ಗವರ್ನರ್ ಆಗಿದ್ದ. ಅವನ ಹೆಂಡತಿ ಹೆನ್ರಿಯೆಟಾ ಪೋವಿಸ್ ಮನೆತನದವಳು. ಹಾಗೆ ಬಂದು ಸೇರಿದ್ದು ಟಿಪ್ಪುವಿನ ಡೇರೆ. ಬಿಳಿ ಹತ್ತಿಬಟ್ಟೆ, ಅದರ ತುಂಬ ಸಾಲು ಸಾಲು ಹೂದಾನಿ, ಹೂವು. ಇನ್ನೊಂದು ಕಡೆ ಅವನ ಸಿಂಹಾಸನದ ಕಟಾಂಜನದಲ್ಲಿದ್ದ ಪುಟ್ಟ ಚಿನ್ನದ ಹುಲಿತಲೆ. ಸಿಂಹಾಸನವನ್ನು ಲೂಟಿ ಹಂಚುವವರು ತುಂಡು ತುಂಡು ಮಾಡಿಬಿಟ್ಟರು, ಹೀಗೆ ಒಂದೊಂದು ತಲೆ ಒಂದೊಂದು ಕಡೆ. ದೊಡ್ಡ ಹುಲಿತಲೆ ವಿಂಡ್ಸರ್ ಕೋಟೆಯಲ್ಲಿದೆ.

ಅಮ್ಮ ಡೇರೆ ಮುಂದೆ ತುಂಬ ಹೊತ್ತು ನಿಂತರು. "ಪಟ್ಟಣಕ್ಕೆ ಎಷ್ಟು ಸಲ ಹೋಗಿದೀನೋ, ನಿಮ್ಮಪ್ಪನ ಅಸ್ಥಿ ಬಿಡಕ್ಕೂ ಪಶ್ಚಿಮವಾಹಿನಿಗೇ ಹೋಗಿದ್ದಲ್ವಾ, ಇದು ಇಲ್ಲಿದೆ ಅಂತ ಒಬ್ಬರೂ ಹೇಳಲಿಲ್ಲ" ಅಂದರು. ಕ್ಲೈವ್ ಮನೆಯವರು ಇದನ್ನು ತೋಟದ ಪಾರ್ಟಿಗಳಿಗೆ ಹಾಕಿಸುತ್ತಿದ್ದರಂತೆ ಅಂದೆ. "ಶಾಮಿಯಾನ ಮಾಡ್ಕೊಂಡಿದ್ರು ಅನ್ನು" ಅಂದವರೇ ಫೋಟೋ ತೆಗೆದು ಮಂಡ್ಯಕ್ಕೆ ಕಳಿಸಿದರು.

ನನ್ನ ಹೆಂಡತಿ ಮಡಿಕೇರಿ ಕಡೆಯವಳು. ಅವಳು ಡೇರೆಯನ್ನು ಒಂದು ಸಲ ನೋಡಿ ಹೊರಗೆ ಹೋಗಿ ಕೂತಳು. "ನಮ್ಮಜ್ಜಿ ಈ ಹೆಸರು ಕೇಳಿದ್ರೆ ಊಟ ಬಿಟ್ಟು ಎದ್ದು ಹೋಗ್ತಿದ್ದರು. ಬಟ್ಟೆ ಚೆನ್ನಾಗಿದೆ, ಅಷ್ಟೇ." ವಾಪಸು ಬರುವಾಗ ಕಾರಿನಲ್ಲಿ ಇದೇ ಜಗಳ, ನಾನು ರಾಕೆಟ್ ಅಂದರೆ ಅವಳು ದೇವಟ್ಟಿಪರಂಬು (ಟಿಪ್ಪು ಕೊಡವರನ್ನು ಕೊಲ್ಲಿಸಿದ ಅಂತ ಕೊಡಗಿನವರು ಹೇಳುವ ಜಾಗ) ಅನ್ನುತ್ತಾಳೆ, ನಡುವೆ ಅಮ್ಮ ಮೇಲುಕೋಟೆಯ ಮಂಡಯಂ ಅಯ್ಯಂಗಾರರು ನರಕ ಚತುರ್ದಶಿ ಯಾಕೆ ಮಾಡಲ್ಲ, ಅವತ್ತು ಟಿಪ್ಪು ಅವರ ಕಡೆಯವರನ್ನು ಕೊಲ್ಲಿಸಿದ್ದನಂತೆ, ಅಂತ ಶುರುಮಾಡಿದರು. ಆಗ ನೋಡಿ, ಮಗಳು ಇಯರ್‌ಫೋನ್ ತೆಗೆದಳು! ಬರ್ಮಿಂಗ್‌ಹ್ಯಾಮ್ ದಾಟುವವರೆಗೂ ಒಂದರ ಮೇಲೊಂದು ಪ್ರಶ್ನೆ. ನಾನು ಒಬ್ಬನೇ ಪಾಠ ಮಾಡಿದ್ದರೆ ಇದಾಗುತ್ತಿರಲಿಲ್ಲ. (ಈ ವಿಷಯಕ್ಕೆ ನಮಗೆ ಪತ್ರ ಬರೆಯುವವರು ದಯವಿಟ್ಟು ಒಂದು ಪುಟಕ್ಕೆ ನಿಲ್ಲಿಸಿ.)

ಕೊನೇ ದಿನ ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂ, ಅಲ್ಲಿ ಟಿಪ್ಪುವಿನ ಮರದ ಹುಲಿ. ಬಿಳಿ ಸಿಪಾಯಿಯ ಕುತ್ತಿಗೆ ಹಿಡಿದು ಕೂತಿದೆ. ಹಿಡಿ ತಿರುಗಿಸಿದರೆ ಹುಲಿ ಗುರ್ ಅನ್ನುತ್ತೆ, ಅವನು ಗೋಳಾಡುತ್ತಾನೆ, ಕೈ ಮೇಲೇಳುತ್ತೆ. ಹಿಂದೆ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ಇಟ್ಟಿದ್ದಾಗ ಬಂದುಹೋಗುವವರೆಲ್ಲ ತಿರುಗಿಸುತ್ತಿದ್ದರು, ಈಗ ಗಾಜಿನೊಳಗೆ. ಮಗನಿಗೆ ಅದೇ ಬೇಜಾರು. ಅಷ್ಟರಲ್ಲಿ ಅಮ್ಮನ ಫೋನಿಗೆ ಮಂಡ್ಯದಿಂದ ನಮ್ಮ ಮಾವನ ವಾಯ್ಸ್ ಮೆಸೇಜ್ ಬಂತು, ಅವರದ್ದು ಅಲ್ಲಿ ಶಾಮಿಯಾನ ಅಂಗಡಿ. ಅಮ್ಮ ಸ್ಪೀಕರ್ ಹಾಕಿಯೇ ಕೇಳಿಸಿದರು. "ಫೋಟೋ ನೋಡಿದೆ ಕಣಕ್ಕ. ಇನ್ನೂರು ಚಿಲ್ಲರೆ ವರ್ಷ ಆಯ್ತಲ್ಲ, ಬಾಡಿಗೆ ಎಷ್ಟಾಗುತ್ತೆ ಅಂತ ಅವರಿಗೊಂದು ಲೆಕ್ಕ ಕಳಿಸೋಣ್ವಾ?"