ವಾದ್ಯದಂಗಡಿ ಮುಚ್ಚಿದರೂ ಹಾರ್ಮೋನಿಯಂ ಸಿಗುತ್ತದೆ, ಸರಿಮಾಡುವವರು ಸಿಗುವುದಿಲ್ಲ

ಸಂಪಾದಕರಿಗೆ ನಮಸ್ಕಾರ.

ಮುಂಬಯಿಯ ವಾದ್ಯದಂಗಡಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿರುವ ಬಗ್ಗೆ ಬರುವ ಬರಹಗಳಲ್ಲಿ ಹಳೆಯ ನೆನಪುಗಳೇ ಜಾಸ್ತಿ. ಗಾಜಿನ ಕಪಾಟು, ಸಾಲಾಗಿ ತೂಗುಹಾಕಿದ ಪಿಟೀಲು, ಗಲ್ಲೆಯಲ್ಲಿ ಕೂತ ಹಿರಿಯರು. 2016ರಲ್ಲಿ ಕಾಲಾಘೋಡಾದ ರಿದಮ್ ಹೌಸ್ ಮುಚ್ಚಿದಾಗಲೂ ಇಂಥದ್ದೇ ಬರೆದರು. ಆದರೆ ಅದು ರೆಕಾರ್ಡು, ಕ್ಯಾಸೆಟ್ಟು, ಸಿಡಿಗಳ ಅಂಗಡಿ. ಹಾಡು ಬೇರೆ ದಾರಿ ಹಿಡಿದು ಮನೆಗೆ ಬಂತು, ಕೇಳುವವರಿಗೆ ಅಂಥ ನಷ್ಟವೇನೂ ಆಗಲಿಲ್ಲ. ವಾದ್ಯದ ಅಂಗಡಿಯ ಮಾತು ಬೇರೆ. ಅಲ್ಲಿ ವಾದ್ಯ ಮಾರುವುದಕ್ಕಿಂತ ಹೆಚ್ಚಿನ ಕೆಲಸವೊಂದು ನಡೆಯುತ್ತಿತ್ತು. ಅದನ್ನು ಯಾರೂ ಬರೆಯದ ಕಾರಣ ಈ ಪತ್ರ.

ವಾದ್ಯದಂಗಡಿಗೆ ಎರಡು ಭಾಗ. ಮುಂದೆ ಗಲ್ಲೆ, ಹಿಂದೆ ಅಥವಾ ಅಟ್ಟದ ಮೇಲೆ ವಾದ್ಯ ಸರಿಮಾಡುವ ಕಾರೀಗರನ ಮಣೆ. ಮುಂದಿನ ಮಾರಾಟದ ಲಾಭದಲ್ಲಿ ಹಿಂದಿನವನ ಸಂಬಳ. ದುರಸ್ತಿಗೆ ಬರುವ ಪುಡಿಗಾಸು ಯಾವತ್ತೂ ಅವನ ದಿನಗೂಲಿಗೆ ಸಾಲುತ್ತಿರಲಿಲ್ಲ. ಹೊಸ ಹಾರ್ಮೋನಿಯಂ ಪೆಟ್ಟಿಗೆ ಕೊಂಡವರಿಗೆ ಮೊದಲ ಟ್ಯೂನಿಂಗ್ ಬಿಟ್ಟಿ, ತಬಲಾ ಕೊಂಡವರಿಗೆ ಎರಡು ಮೂರು ಸಲ ಬಿಗಿ ಮಾಡಿಕೊಡುವುದು ಬಿಟ್ಟಿ. ಈಗ ಗಿರಾಕಿ ಬಂದು ನಾಲ್ಕು ಪೆಟ್ಟಿಗೆ ನುಡಿಸಿ ನೋಡಿ, ಹಿಡಿಸಿದ್ದರ ಹೆಸರಿನ ಫೋಟೋ ತೆಗೆದುಕೊಂಡು ಹೋಗಿ, ಅದನ್ನೇ ಆನ್‌ಲೈನಿನಲ್ಲಿ ತರಿಸುತ್ತಾನೆ. ಗಲ್ಲೆ ಬಡವಾದರೆ ಮೊದಲು ಏಳುವುದು ಹಿಂದಿನ ಮಣೆ. ಬೋರ್ಡು ಇನ್ನೂ ಕೆಲವು ವರ್ಷ ಹಾಗೇ ಇರುತ್ತದೆ, ಒಳಗೆ ಗಿಟಾರ್ ಚೀಲ, ಮೈಕ್ ಸ್ಟ್ಯಾಂಡು, ಮಕ್ಕಳ ಕೀಬೋರ್ಡು ಬಿಟ್ಟರೆ ಏನೂ ಇರುವುದಿಲ್ಲ.

ಇದಕ್ಕೆ ಗಿರ್‌ಗಾಂವ್, ಲಾಲ್‌ಬಾಗ್, ದಾದರ್ ಕಡೆಯ ಪಗಡಿ (ಮುಂಗಡ ಕೊಟ್ಟು ಹಿಡಿದ ಹಳೆಯ ಬಾಡಿಗೆ) ಕಟ್ಟಡಗಳ ಪುನರಾಭಿವೃದ್ಧಿಯೂ ಸೇರಿಕೊಂಡಿದೆ. ಹೊಸ ಕಟ್ಟಡದಲ್ಲಿ ಅಂಗಡಿಗೆ ಜಾಗ ಸಿಗಬಹುದು, ಆದರೆ ಅದು ಏಳುವ ತನಕ ಕಾರೀಗರ ಕಾಯುವುದಿಲ್ಲ. ಚರ್ಮದ ವಾಸನೆ, ಸುತ್ತಿಗೆಯ ಸದ್ದು ಹೊಸ ಸೊಸೈಟಿಯವರಿಗೆ ಹಿಡಿಸುವುದೂ ಇಲ್ಲ. 1865ರ ಫರ್ಟಾಡೋಸ್, 1925ರ ಹರಿಭಾವು ವಿಶ್ವನಾಥ್‌ನಂಥ ದೊಡ್ಡ ಹೆಸರುಗಳು ನಿಂತಿವೆ. ತೊಂದರೆ ಇರುವುದು ಸ್ಟೇಷನ್ ರಸ್ತೆಯ ಸಣ್ಣ ಅಂಗಡಿಗಳಿಗೆ. ಇದು ನಮ್ಮೂರಿಗಷ್ಟೇ ಬಂದ ಕಷ್ಟವೂ ಅಲ್ಲ. ಅಮೆರಿಕದಲ್ಲಿ 1924ರಲ್ಲಿ ಶುರುವಾಗಿದ್ದ ಸ್ಯಾಮ್ ಆ್ಯಶ್ ಎಂಬ ವಾದ್ಯ ಮಳಿಗೆಗಳ ಸರಪಳಿ 2024ರಲ್ಲಿ ಎಲ್ಲ ಅಂಗಡಿಗಳನ್ನೂ ಮುಚ್ಚಿತು.

ಹಿಂದಿನ ಮಣೆಯ ಕೆಲಸ ಎಂಥದ್ದು ಎಂದು ಹಾರ್ಮೋನಿಯಂ ಹಿಡಿದೇ ಹೇಳುತ್ತೇವೆ, ಏಕೆಂದರೆ ಮುಂಬಯಿ ಕನ್ನಡಿಗರಾದ ನಮ್ಮ ಭಜನಾ ಮಂಡಳಿಗಳಲ್ಲಿ ಇರುವುದು ಅದೇ. ಮೂರೂವರೆ ಸಪ್ತಕದ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ 42 ಮನೆ, ಅಂದರೆ ಬೆರಳಲ್ಲಿ ಒತ್ತುವ ಕೀಲಿ. ಎರಡು ಸಾಲು ರೀಡ್ ಇದ್ದರೆ 84 ರೀಡ್. ಹಿತ್ತಾಳೆಯ ಚೌಕಟ್ಟಿನ ಸೀಳಿನ ಮೇಲೆ, ಒಂದು ಕೊನೆ ಮಾತ್ರ ರಿವೆಟ್‌ನಿಂದ ಬಿಗಿದ ತೆಳ್ಳನೆಯ ನಾಲಿಗೆ, ಅದೇ ರೀಡ್. ಇದಕ್ಕೆ ಹೆಸರಾದ ಊರು ಗುಜರಾತಿನ ಪಾಲಿತಾಣ. ನಾಲಿಗೆಯ ತುದಿಯನ್ನು ಕೊಂಚ ಕೆರೆದರೆ ತೂಕ ಇಳಿದು ಸ್ವರ ಏರುತ್ತದೆ. ರಿವೆಟ್ ಇರುವ ಬುಡದಲ್ಲಿ ಕೆರೆದರೆ ಬಿಗಿ ತಗ್ಗಿ ಸ್ವರ ಇಳಿಯುತ್ತದೆ. ಬುಡದಲ್ಲಿ ಒಂದು ಗೀರು ಹೆಚ್ಚಾದರೆ ಆರು ತಿಂಗಳಲ್ಲಿ ನಾಲಿಗೆ ಮುರಿದು ಬೀಳಬಹುದು. ಒಂದೇ ಮನೆಯ ಎರಡು ರೀಡ್‌ಗಳಲ್ಲಿ ಒಂದು 440, ಇನ್ನೊಂದು 442 ಕಂಪನದಲ್ಲಿದ್ದರೆ ಸೆಕೆಂಡಿಗೆ ಎರಡು ಸಲ ನಾದ ಅಲೆಯುತ್ತದೆ. ಈ ಅಲೆಯನ್ನು ಕಿವಿಯಲ್ಲಿ ಹಿಡಿದು, ಕೆರೆದು, ರೀಡನ್ನು ಮತ್ತೆ ಕೂರಿಸಿ, ಗಾಳಿ ಹಾಕಿ ಕೇಳಬೇಕು. ಹೀಗೆ 84 ಸಲ. ಕೈ ಪಳಗಿದವರಿಗೂ ಪೂರ್ತಿ ಟ್ಯೂನಿಂಗಿಗೆ ಒಂದು ದಿನ ಹಿಡಿಯುವುದು ಇದಕ್ಕೇ.

ಕೊರಿಯರಿನಲ್ಲಿ ಬಂದ ಪೆಟ್ಟಿಗೆಯ ಹೊರಮೈ ಹೊಳೆಯುತ್ತಿರುತ್ತದೆ. ಎತ್ತಿ ಒಗೆದಾಗ ಒಳಗೆ ರೀಡ್ ಹಲಗೆಯ ಸ್ಕ್ರೂ ಸಡಿಲವಾಗಿರುತ್ತದೆ, ಮನೆಯೊಂದು ತನ್ನ ಪಿನ್ನಿನಿಂದ ಪಕ್ಕಕ್ಕೆ ಜಾರಿರುತ್ತದೆ, ಸ್ಪ್ರಿಂಗ್ ಕಳಚಿರುತ್ತದೆ. ಪ್ಯಾಕೆಟ್ ಬಿಚ್ಚುವಾಗ ತೆಗೆದ ವಿಡಿಯೋದಲ್ಲಿ ಇದಾವುದೂ ಕಾಣುವುದಿಲ್ಲ. ವಾಪಸು ಕೊಡಲು ಇರುವುದು ಕೆಲವೇ ದಿನ, ಮಗು ಕ್ಲಾಸಿಗೆ ಹೋಗಿ ಗುರುಗಳ ಕಿವಿಗೆ ಅದು ಬೀಳುವಷ್ಟರಲ್ಲಿ ಗಡುವು ಮುಗಿದಿರುತ್ತದೆ. ಆದ್ದರಿಂದ ಬಂದ ದಿನವೇ ಪರೀಕ್ಷಿಸಿ. ಮುಂಭಾಗದ ಎಳೆಗುಂಡಿಗಳಾದ ಸ್ಟಾಪ್‌ಗಳನ್ನೆಲ್ಲ ಒಳಗೆ ತಳ್ಳಿ, ತಿದಿ ಒತ್ತಿ ಗಾಳಿ ತುಂಬಿ, ಕೈಬಿಡಿ. ಒಳಗಿನ ಗಾಳಿ ಚೀಲ ನಿಧಾನವಾಗಿ ಇಳಿದರೆ ಸರಿ, ಬಿಟ್ಟ ತಕ್ಷಣ ಕುಸಿದರೆ ಎಲ್ಲೋ ಸೋರುತ್ತಿದೆ. ಆಮೇಲೆ ಸ್ಟಾಪ್ ಎಳೆದು, ಯಾವ ಮನೆಯನ್ನೂ ಒತ್ತದೆ ಗಾಳಿ ಹಾಕಿ. ಒಂದು ಸ್ವರ ತಾನಾಗಿ ಕೂಗಿದರೆ ಆ ಮನೆಯ ಕೆಳಗಿನ ಚರ್ಮದ ಗಾದಿ ಸರಿಯಾಗಿ ಮುಚ್ಚುತ್ತಿಲ್ಲ: ಕಸ ಸಿಕ್ಕಿರಬೇಕು, ಇಲ್ಲವೇ ಸ್ಪ್ರಿಂಗ್ ಸೋತಿರಬೇಕು. ಒಂದು ಮನೆ ಸದ್ದೇ ಮಾಡದಿದ್ದರೆ ಬಹುತೇಕ ನಾಲಿಗೆ ಮತ್ತು ಚೌಕಟ್ಟಿನ ನಡುವೆ ಧೂಳಿನ ಕಣ. ತೆಳ್ಳನೆಯ ಕಾಗದವನ್ನು ಸೀಳಿನಲ್ಲಿ ಮೆಲ್ಲಗೆ ಆಡಿಸಿದರೆ ಹೋಗುತ್ತದೆ. ಸೂಜಿ, ಬ್ಲೇಡು ಬೇಡವೇ ಬೇಡ. ಕೊನೆಗೆ ಒಂದೊಂದು ಸಾಲು ರೀಡನ್ನೂ ಬೇರೆಬೇರೆಯಾಗಿ, ನಂತರ ಎರಡನ್ನೂ ಕೂಡಿಸಿ ಷಡ್ಜ, ಪಂಚಮ, ತಾರ ಷಡ್ಜ ಹಿಡಿದು ಕೇಳಿ.

ಮಳೆಗಾಲದ ಒಂದು ಮಾತು. ಜುಲೈಯಲ್ಲಿ ಮುಂಬಯಿಯ ಗಾಳಿಗೆ ಮರ ಉಬ್ಬಿ ಮನೆಗಳು ಸಿಕ್ಕಿಕೊಳ್ಳುತ್ತವೆ. ಸಹನೆ ತಪ್ಪಿದ ಕೆಲವರು, ಅರ್ಧ ಕಲಿತ ರಿಪೇರಿಯವರೂ, ಮನೆಯ ಪಕ್ಕಗಳನ್ನು ಸ್ಯಾಂಡ್‌ಪೇಪರಿನಲ್ಲಿ ಉಜ್ಜಿಬಿಡುತ್ತಾರೆ. ಜನವರಿಗೆ ಮರ ಒಣಗಿ ಕುಗ್ಗಿದಾಗ ಅದೇ ಮನೆಗಳು ಸಡಿಲವಾಗಿ ಕಟಕಟ ಎನ್ನುತ್ತವೆ, ಆಗ ಉಪಾಯವಿಲ್ಲ. ಪಳಗಿದ ಕಾರೀಗರ ಜುಲೈಯಲ್ಲಿ ಉಜ್ಜುವುದಿಲ್ಲ, ಪಿನ್ನು ಸರಿಮಾಡಿ, ದೀಪಾವಳಿ ಕಳೆದ ಮೇಲೆ ತನ್ನಿ ಎನ್ನುತ್ತಾನೆ.

ಇನ್ನೊಂದು ವಿಷಯ ಆನ್‌ಲೈನಿನಲ್ಲಿ ಯಾರೂ ಕೇಳುವುದೇ ಇಲ್ಲ. ಕಾರ್ಖಾನೆಯ ಪೆಟ್ಟಿಗೆಯಲ್ಲಿ ಸಪ್ತಕದ ಹನ್ನೆರಡು ಸ್ವರಗಳೂ ಸಮ ಅಂತರದಲ್ಲಿರುತ್ತವೆ. ಸಪ್ತಕವನ್ನು 1200 ಸೆಂಟ್ ಎಂದು ಭಾಗಿಸಿದರೆ ಅಲ್ಲಿ ಗಾಂಧಾರ 400ರಲ್ಲಿ ಕೂರುತ್ತದೆ. ತಂಬೂರಿಯಿಂದ ಹೊಮ್ಮುವ ಗಾಂಧಾರ 386ರ ಹತ್ತಿರ. ಈ 14 ಸೆಂಟ್ ಹಾಡುವವರ ಕಿವಿಗೆ ಚುಚ್ಚುತ್ತದೆ. ಹಳೆಯ ಅಂಗಡಿಯವರು ಗಿರಾಕಿಯನ್ನು ಮೊದಲು ಕೇಳುತ್ತಿದ್ದದ್ದು "ಯಾವ ಮನೆಗೆ ಹಾಡ್ತೀರಿ?" ಎಂದು. ಕರಿ ಒಂದು (ಸಪ್ತಕದ ಮೊದಲ ಕರಿ ಮನೆ) ಎಂದರೆ ಅದನ್ನೇ ಷಡ್ಜ ಮಾಡಿಕೊಂಡು, ಸ್ವರಗಳನ್ನು ತಂಬೂರಿಗೆ ಹೊಂದಿಸುವ ಗಾಂಧಾರ ಟ್ಯೂನಿಂಗ್ ಮಾಡಿಕೊಡುತ್ತಿದ್ದರು. ಮನೆಗಳ ಸಾಲನ್ನೇ ಸರಿಸಿ ಶ್ರುತಿ ಬದಲಿಸುವ ಸ್ಕೇಲ್ ಚೇಂಜರ್ ಪೆಟ್ಟಿಗೆಗೆ ಇದನ್ನು ಮಾಡಿಸಿ ಪ್ರಯೋಜನವಿಲ್ಲ, ಮನೆಗಳನ್ನು ಸರಿಸಿದೊಡನೆ ಎಲ್ಲವೂ ಬೇರೆ ರೀಡಿನ ಮೇಲೆ ಕೂರುತ್ತವೆ. ಕಲಿಯುವ ಮಕ್ಕಳಿಗೆ ಸ್ಕೇಲ್ ಚೇಂಜರ್ ಬೇಡ ಎನ್ನುವುದು ನಮ್ಮ ಖಚಿತ ಅಭಿಪ್ರಾಯ. ಭಾರ ಹೆಚ್ಚು, ಕೆಡುವ ಭಾಗಗಳು ಹೆಚ್ಚು, ಬೆಲೆಯೂ ಹೆಚ್ಚು.

ತಬಲಾದಲ್ಲಿ ಎಡವುವುದು ಅಳತೆಯಲ್ಲಿ. ಕರಿ ಒಂದಕ್ಕೆ ಸಾಮಾನ್ಯವಾಗಿ ಐದೂಕಾಲರಿಂದ ಐದೂವರೆ ಇಂಚಿನ ಬಾಯಿ; ಕರಿ ನಾಲ್ಕು, ಕರಿ ಐದರಲ್ಲಿ ಹಾಡುವ ಹೆಂಗಸರಿಗೆ ಆರು ಇಂಚಿನ ಆಸುಪಾಸು ಅಥವಾ ಅದಕ್ಕೂ ಅಗಲ. ಆದರೆ ಇಂಚು ಒಂದೇ ಶ್ರುತಿಯನ್ನು ತೀರ್ಮಾನಿಸುವುದಿಲ್ಲ, ಪುಡಿ ಎನ್ನುವ ಚರ್ಮದ ಮುಚ್ಚಿಗೆಯ ದಪ್ಪ, ಅದರ ಮೇಲಿನ ಕರಿ ಶಾಯಿಯ ದಪ್ಪ ಎರಡೂ ಸೇರುತ್ತವೆ. ಫೋಟೋ ನೋಡಿ ತರಿಸಿದ ತಬಲಾ ಬೇಕಾದ ಶ್ರುತಿಗಿಂತ ಒಂದು ಮನೆ ಕೆಳಗಿದ್ದರೆ ಸುತ್ತಿಗೆಯಲ್ಲಿ ಗಜರಾ (ಪುಡಿಯ ಅಂಚಿನ ಚರ್ಮದ ಹೆಣಿಗೆ) ಬಡಿದು ಏರಿಸುತ್ತಾರೆ. ಅರ್ಧ ಸ್ವರದಷ್ಟು ಸರಿ, ಅದಕ್ಕಿಂತ ಹೆಚ್ಚಾದರೆ ಪಕ್ಕದ ಮರದ ತುಂಡುಗಳಾದ ಗಟ್ಟಾಗಳನ್ನು ಇಳಿಸಬೇಕು, ಅದಕ್ಕೂ ಮಿತಿಯಿದೆ. ಗಜರಾದ 16 ಕಡೆಯೂ ಎದುರುಬದುರಾಗಿ ಬಡಿಯುತ್ತಾ ಕೇಳುತ್ತಾ ಹೋಗಬೇಕು. ಒಂದೇ ಕಡೆ ಬಡಿದರೆ ಅಲ್ಲೇ ಚರ್ಮ ಹರಿಯುತ್ತದೆ. ಹೊಸ ಪುಡಿ ಹಾಕಿಸಿದ ಮೊದಲ ದಿನಗಳಲ್ಲಿ ಚರ್ಮ ಎಳೆದುಕೊಂಡು ಶ್ರುತಿ ಇಳಿಯುವುದು ಸಹಜ, ಪುಡಿಯನ್ನು ಎಳೆದು ಹಿಡಿಯುವ ಚರ್ಮದ ಪಟ್ಟಿ ಬದ್ದಿಯನ್ನು ಮತ್ತೆ ಮತ್ತೆ ಬಿಗಿಯಬೇಕು. ಅಂಗಡಿ ಹತ್ತಿರವಿದ್ದಾಗ ಬಿಟ್ಟಿ ಬಿಗಿ ಸಿಗುತ್ತಿದ್ದದ್ದು ಇದಕ್ಕಾಗಿಯೇ. ಮಳೆಗಾಲದಲ್ಲಿ ಇಳಿಯಿತೆಂದು ಗ್ಯಾಸ್ ಒಲೆಯ ಮುಂದೆ ಹಿಡಿಯುವವರಿದ್ದಾರೆ. ಚರ್ಮ ಬಿಗಿಯುತ್ತದೆ ನಿಜ, ಕಬ್ಬಿಣದ ಪುಡಿ ಮತ್ತು ಅಂಟು ಸೇರಿಸಿ ಪದರ ಪದರವಾಗಿ ಉಜ್ಜಿದ ಶಾಯಿ ಬಿರುಕು ಬಿಡುತ್ತದೆ. (ಯಕ್ಷಗಾನದ ಮದ್ದಳೆಯ ವಿಷಯದಲ್ಲಿ ಮುಂಬಯಿ ಅಂಗಡಿಗಳು ಎಂದೂ ನಮಗೆ ಆಸರೆಯಾಗಿರಲಿಲ್ಲ ಬಿಡಿ. ಮುಚ್ಚಿಗೆ ಹಾಕಿಸಲು ಅದು ಊರಿನ ಬಸ್ಸನ್ನೇ ಹತ್ತುತ್ತಿತ್ತು, ಈಗಲೂ ಹತ್ತುತ್ತದೆ.)

ಪಿಟೀಲು, ಗಿಟಾರ್ ಬಗ್ಗೆ ಎರಡೇ ಮಾತು. ಪಿಟೀಲಿನ ಕುದುರೆಯನ್ನು (ತಂತಿಗಳನ್ನು ಎತ್ತಿ ಹಿಡಿಯುವ ಮರದ ಸೇತುವೆ) ಅಂಟಿಸುವುದಿಲ್ಲ, ತಂತಿಯ ಒತ್ತಡದಲ್ಲೇ ನಿಲ್ಲಬೇಕು. ದಾರಿಯಲ್ಲಿ ಒಳಗಿನ ಕಂಬ ಬಿದ್ದಿದ್ದರೆ ತಂತಿ ಬಿಗಿಯಲೇಬೇಡಿ, ಮೇಲಿನ ಹಲಗೆ ಕುಸಿದೀತು. ಗಿಟಾರಿನ ಹನ್ನೆರಡನೆಯ ಫ್ರೆಟ್ಟಿನಲ್ಲಿ ತಂತಿ ಎರಡು, ಎರಡೂವರೆ ಮಿಲಿಮೀಟರ್ ಎತ್ತರದಲ್ಲಿರಬೇಕು. ಅಗ್ಗದ್ದು ನಾಲ್ಕರಲ್ಲಿ ಬಂದರೆ ಮಗುವಿನ ಬೆರಳು ನೊಂದು ಎರಡೇ ವಾರದಲ್ಲಿ ಕ್ಲಾಸು ನಿಲ್ಲುತ್ತದೆ, ಮನೆಯವರು "ಆಸಕ್ತಿಯಿಲ್ಲ" ಎಂದುಕೊಳ್ಳುತ್ತಾರೆ.

ತಂಬೂರಿ ಬೇಕಾದವರಿಗೆ ಮಿರಜ್ ಇದೆ. ಅಲ್ಲಿಯ ಸಿತಾರ್ ಮತ್ತು ತಂಬೂರಿಗಳಿಗೆ 2024ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಸಿಕ್ಕಿತು. ಮುಂಬಯಿಯಿಂದ ಬೆಳಗಾವಿ, ಹುಬ್ಬಳ್ಳಿ ಕಡೆ ರೈಲಿನಲ್ಲಿ ಹೋಗುವ ನಮ್ಮವರಿಗೆ ಅದು ದಾರಿಯ ಸ್ಟೇಷನ್ನೇ. ಇಳಿದು, ಕೂತು, ಜವಾರಿ (ತಂತಿಯ ಝೇಂಕಾರ) ಕೇಳಿ ತೆಗೆದುಕೊಳ್ಳಿ. ಸೋರೆಯ ಬುರುಡೆಯನ್ನು ಕೊರಿಯರಿಗೆ ಕೊಡಬೇಡಿ. ದಿನದ ಅಭ್ಯಾಸಕ್ಕೆ ಫೋನಿನ ತಂಬೂರಿ ಸಾಕು ಎನ್ನುವವರ ಜೊತೆ ನಮಗೆ ಜಗಳವಿಲ್ಲ.

ಹಾಗಾದರೆ ಮಾಡಬೇಕಾದ್ದೇನು? ಆನ್‌ಲೈನಿನಲ್ಲಿ ಕೊಳ್ಳಬೇಡಿ ಎಂದು ಬೋಧಿಸಿ ಫಲವಿಲ್ಲ, ದುಡ್ಡು ಉಳಿಯುವ ಕಡೆ ಜನ ಹೋಗುತ್ತಾರೆ. ಬದಲಾಗಬೇಕಾದ್ದು ದುರಸ್ತಿಯ ಬೆಲೆ. ಅಂಗಡಿಯವರು ಬಿಟ್ಟಿ ಸೇವೆಯನ್ನು ನಿಲ್ಲಿಸಿ, ಪೂರ್ತಿ ಟ್ಯೂನಿಂಗ್ ಇಷ್ಟು, ಒಂದು ರೀಡಿಗೆ ಇಷ್ಟು, ಪುಡಿ ಬದಲಿಸಲು ಇಷ್ಟು, ಗಿಟಾರ್ ಸೆಟ್ಟಿಂಗಿಗೆ ಇಷ್ಟು ಎಂದು ದರಪಟ್ಟಿ ತೂಗುಹಾಕಲಿ. ಬೇರೆ ಕಡೆ ಕೊಂಡ ವಾದ್ಯವನ್ನು ಮುಟ್ಟುವುದಿಲ್ಲ ಎಂದು ಕೆಲವು ಅಂಗಡಿಯವರು ಹಟ ಹಿಡಿಯುತ್ತಾರೆ. ಅವರ ಸಿಟ್ಟು ಅರ್ಥವಾಗುತ್ತದೆ, ಆದರೆ ಲೆಕ್ಕದಲ್ಲಿ ಅದು ಪೆದ್ದುತನ: ಊರೆಲ್ಲ ಆನ್‌ಲೈನಿನಲ್ಲಿ ಕೊಂಡ ಮೇಲೆ ದುರಸ್ತಿಗೆ ಬರುವ ವಾದ್ಯ ಅದೇ ತಾನೆ. ಗಿರಾಕಿಗಳೂ ಅಷ್ಟೇ, ಇಡೀ ದಿನದ ಕೆಲಸಕ್ಕೆ ಇಡೀ ದಿನದ ಕೂಲಿ ಕೊಡಲು ಚೌಕಾಸಿ ಮಾಡಬಾರದು.

ಮುಖ್ಯವಾಗಿ ನಮ್ಮ ಸಂಘಗಳಿಗೆ ಒಂದು ವಿನಂತಿ. ಮಾಟುಂಗಾದ ಕರ್ನಾಟಕ ಸಂಘ, ಮೈಸೂರು ಅಸೋಸಿಯೇಷನ್‌ಗಳಿಂದ ಹಿಡಿದು ಡೊಂಬಿವಲಿ, ಠಾಣೆ, ನವಿ ಮುಂಬಯಿಯ ಸಂಘಗಳವರೆಗೆ ಸಭಾಂಗಣ ಅಥವಾ ಒಂದು ಕೋಣೆಯಾದರೂ ಇದೆ. ಬಹಳ ಕಡೆ ಟ್ರೋಫಿಗಳ ಪಕ್ಕದ ಕಪಾಟಿನಲ್ಲಿ ಯಾರೂ ತೆರೆಯದ ಹಾರ್ಮೋನಿಯಂ ಕೂಡ ಇದೆ. ವರ್ಷಕ್ಕೆ ಎರಡು ಭಾನುವಾರ, ಮೇ ತಿಂಗಳಲ್ಲಿ ಮಳೆಗೆ ಮುಂಚೆ ಒಂದು, ದೀಪಾವಳಿ ಕಳೆದು ಮರ ಒಣಗಿದ ಮೇಲೆ ಒಂದು, ಹಾರ್ಮೋನಿಯಂ ಮತ್ತು ತಬಲಾದ ಒಬ್ಬೊಬ್ಬ ಕಾರೀಗರರನ್ನು ದಿನಗೂಲಿ ಗೊತ್ತುಮಾಡಿ ಕರೆಸಲಿ. ಸದಸ್ಯರು ವಾದ್ಯ ತಂದು, ದರಪಟ್ಟಿಯಂತೆ ದುಡ್ಡು ಕಟ್ಟಲಿ, ಕಡಿಮೆ ಬಿದ್ದದ್ದನ್ನು ಸಂಘ ತುಂಬಲಿ. ಸನ್ಮಾನದ ಶಾಲು ಹಾರಗಳ ಖರ್ಚಿನ ಪಕ್ಕದಲ್ಲಿ ಇದು ದೊಡ್ಡ ಮೊತ್ತವಲ್ಲ.

ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಬೇಡಿ, ಸುತ್ತಿಗೆಯ ಸದ್ದಿನಲ್ಲಿ ರೀಡಿನ ಅಲೆ ಕೇಳಿಸದು. ಹಾರ್ಮೋನಿಯಂ ಕೋಣೆಗೆ ಒಳ್ಳೆಯ ಬೆಳಕು ಬೇಕು, ಫ್ಯಾನ್ ಬಂದ್ ಆಗಿರಬೇಕು. ಒಂದು ದಿನಕ್ಕೆ ಒಂದು ಪೂರ್ತಿ ಟ್ಯೂನಿಂಗ್, ಇಲ್ಲವೇ ಐದಾರು ಸಣ್ಣಪುಟ್ಟ ಕೆಲಸ, ಇಷ್ಟೇ ಒಪ್ಪಿಕೊಳ್ಳಿ. ಇಪ್ಪತ್ತು ಪೆಟ್ಟಿಗೆ ಗುಡ್ಡೆ ಹಾಕಿದರೆ ಒಂದೂ ನೆಟ್ಟಗಾಗುವುದಿಲ್ಲ. ತರುವವರು ಹಿಂದಿನ ದಿನವೇ ನುಡಿಸಿ ನೋಡಿ, ಕೂಗುವ, ಸಿಕ್ಕಿಕೊಳ್ಳುವ, ಸದ್ದಿಲ್ಲದ ಮನೆಗಳ ಪಟ್ಟಿಯನ್ನು ಒಂದು ಕಾಗದದಲ್ಲಿ ಬರೆದು ಪೆಟ್ಟಿಗೆಯ ಜೊತೆಗಿಡಿ; ಮನೆಗಳ ಮೇಲೆ ಟೇಪು ಅಂಟಿಸಬೇಡಿ, ಕೀಳುವಾಗ ಪಾಲಿಶು ಎದ್ದುಬರುತ್ತದೆ.

— ವಾದ್ಯ ದುರಸ್ತಿ ಬಲ್ಲ ಕೆಲವು ಓದುಗರು, ಡೊಂಬಿವಲಿ