ಆರೋಗ್ಯ ಸಮೀಕ್ಷೆಯ ಕರೆಗೆ ಉತ್ತರ ಸಿಗಬೇಕಾದರೆ

ಮಾನ್ಯ ಸಂಪಾದಕರೇ,

ಕುಟುಂಬಗಳ ಆರೋಗ್ಯದ ಬಗ್ಗೆ ದೂರವಾಣಿಯಲ್ಲಿ ನಡೆಯುವ ಸಮೀಕ್ಷೆಗಳಿಗೆ ಜನ ಸ್ಪಂದಿಸುತ್ತಿಲ್ಲವೆಂಬ ದೂರು ಹೊಸದಲ್ಲ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರದ ದೂರವಾಣಿ ಸಮೀಕ್ಷೆಗಳಲ್ಲಿ 1997ರಲ್ಲಿ ಶೇ 36ರಷ್ಟಿದ್ದ ಸ್ಪಂದನೆ 2018ರ ಹೊತ್ತಿಗೆ ಶೇ 6ಕ್ಕೆ ಇಳಿದಿತ್ತು. ಅಲ್ಲಿನ ಮಕ್ಕಳ ಆರೋಗ್ಯದ ರಾಷ್ಟ್ರೀಯ ಸಮೀಕ್ಷೆಯಂತೂ 2016ರಲ್ಲಿ ದೂರವಾಣಿಯನ್ನೇ ಬಿಟ್ಟು ಅಂಚೆ ಮತ್ತು ಅಂತರ್ಜಾಲದ ಕಡೆಗೆ ಹೊರಳಿತು. ಇದಕ್ಕೆಲ್ಲ ಜನರ ಉದಾಸೀನವೇ ಕಾರಣವೆಂದು ಹೇಳಿಬಿಡುವುದು ಸುಲಭ. ಇಂಥದೊಂದು ಸಮೀಕ್ಷೆಯಲ್ಲಿ ಕೆಲವು ಕಾಲ ಕರೆ ಮಾಡುವ ಕೆಲಸದಲ್ಲಿದ್ದ ನನಗೆ ಹಾಗನ್ನಿಸುವುದಿಲ್ಲ.

ಕರೆ ಉಳಿಯುವುದೂ ಮುರಿಯುವುದೂ ಮೊದಲ ಅರ್ಧ ನಿಮಿಷದಲ್ಲಿ. ನಮ್ಮ ಕೈಗೆ ಕೊಟ್ಟಿದ್ದ ಪೀಠಿಕೆ ಎಷ್ಟು ಉದ್ದವಿತ್ತೆಂದರೆ, ನಾನು ಎರಡನೆಯ ವಾಕ್ಯಕ್ಕೆ ಬರುವಷ್ಟರಲ್ಲಿ ಆ ಕಡೆಯವರು ಫೋನ್ ಇಟ್ಟಿರುತ್ತಿದ್ದರು. ಒಮ್ಮೆ ತಾಯಿಯೊಬ್ಬರು, ಮಗುವಿನ ಅಳುವಿನ ನಡುವೆಯೇ, "ನನ್ನ ನಂಬರ್ ನಿಮಗೆ ಕೊಟ್ಟವರು ಯಾರು?" ಎಂದು ಕೇಳಿದರು. ಯಾರೂ ಕೊಟ್ಟಿರಲಿಲ್ಲ, ಕಂಪ್ಯೂಟರ್ ಯಾದೃಚ್ಛಿಕವಾಗಿ ಆರಿಸಿದ ಸಂಖ್ಯೆಯದು. ಆದರೆ ಆ ಸರಳ ಉತ್ತರ ನನ್ನ ಮುಂದಿದ್ದ ಹಾಳೆಯಲ್ಲಿ ಇರಲಿಲ್ಲ. ನಾನು ತಡವರಿಸಿದೆ, ಅವರು ಕರೆ ಕಡಿದರು. ವಂಚಕರ ಕರೆಗಳಿಂದ ಬೇಸತ್ತವರು ಅದಕ್ಕಿಂತ ಬೇರೆ ಏನು ಮಾಡಿಯಾರು?

ಆದ್ದರಿಂದ ವಿಳಾಸ ಗೊತ್ತಿರುವ ಮನೆಗಳಿಗೆ ಮೊದಲೇ ಒಂದು ಪತ್ರವನ್ನೋ, ಉಳಿದವರಿಗೆ ಒಂದು ಸಂದೇಶವನ್ನೋ ಕಳುಹಿಸಿ, ಕರೆ ನಿಜವೇ ಎಂದು ಅವರೇ ವಿಚಾರಿಸಿಕೊಳ್ಳಲು ಒಂದು ಸಂಖ್ಯೆಯನ್ನು ಕೊಡಬೇಕು. ಇಪ್ಪತ್ತು ನಿಮಿಷ ಹಿಡಿಯುವ ಪ್ರಶ್ನೆಗಳಿಗೆ "ಐದೇ ನಿಮಿಷ" ಎನ್ನಬಾರದು. "ಈಗ ಆಗುವುದಿಲ್ಲ" ಎಂದವರಿಗೆ ಅವರು ಹೇಳಿದ ಹೊತ್ತಿಗೇ ಮತ್ತೆ ಕರೆ ಮಾಡಬೇಕು. "ಬೇಡ" ಎಂದವರನ್ನು ಅಲ್ಲಿಗೇ ಬಿಡಬೇಕು. ಮಕ್ಕಳ ಲಸಿಕೆ, ಔಷಧಿಗಳ ವಿಷಯ ಗೊತ್ತಿರುವವರು ಸಾಮಾನ್ಯವಾಗಿ ಮನೆಯಲ್ಲಿ ಒಬ್ಬರೇ. ಫೋನ್ ಎತ್ತಿದವರು ಅವರೇ ಆಗಿರಬೇಕೆಂದಿಲ್ಲ. ಮನೆಯವರೆಲ್ಲ ಕೇಳಿಸಿಕೊಳ್ಳುತ್ತಿರುವಾಗ ಬಾಯಿ ಬಿಡಲಾಗದ ಸಂಗತಿಗಳನ್ನು "ಹೌದು", "ಇಲ್ಲ" ಎಂದಷ್ಟೇ ಹೇಳಿ ಮುಗಿಸುವಂತೆ ಪ್ರಶ್ನೆಗಳನ್ನು ರಚಿಸಬಹುದು.

ಆದರೆ ಸ್ಪಂದನೆಯ ಶೇಕಡಾವಾರು ಏರಿತೆಂದು ಬೀಗುವುದೂ ತಪ್ಪು. ಸುಲಭವಾಗಿ ಸಿಗುವವರನ್ನೇ ಇನ್ನಷ್ಟು ಸೇರಿಸಿಕೊಂಡರೆ, ಕಾಯಿಲೆಯವರ ಆರೈಕೆಯಲ್ಲಿ ಮುಳುಗಿ ಫೋನ್ ಎತ್ತಲೂ ಪುರುಸೊತ್ತಿಲ್ಲದ ಮನೆಗಳು ಲೆಕ್ಕದಿಂದ ಹೊರಗೇ ಉಳಿಯುತ್ತವೆ. ವಯಸ್ಸು, ಲಿಂಗಗಳ ಅಸಮತೋಲವನ್ನು ಅಂಕಿಅಂಶ ತಜ್ಞರು ಆಮೇಲೆ ಸರಿದೂಗಿಸಬಲ್ಲರು, ಆದರೆ ಆ ಮನೆಗಳು ಹೇಳದೆ ಉಳಿದ ಕಷ್ಟವನ್ನು ಅವರು ಎಲ್ಲಿಂದ ತಂದಾರು? ಮುಗಿಸಿದ ಕರೆಗಳ ಲೆಕ್ಕದ ಮೇಲೆ ಸಂದರ್ಶಕರಿಗೆ ಹಣ ಕೊಡುವ ಪದ್ಧತಿ ಇಂಥ ಮನೆಗಳನ್ನೇ ಮೊದಲು ಕೈಬಿಡುವಂತೆ ಮಾಡುತ್ತದೆ.

ಮುಂದಿನ ಸಮೀಕ್ಷೆಗೆ ಮುನ್ನ, ಪೀಠಿಕೆ ಬರೆದವರೇ ಹತ್ತು ಮನೆಗಳಿಗೆ ಕರೆ ಮಾಡಿ ಅದನ್ನು ಓದಿ ನೋಡಲಿ ಎಂದು ಕೋರುತ್ತೇನೆ.

ಇತಿ,
ಒಬ್ಬ ಮಾಜಿ ಸಂದರ್ಶಕಿ